ಗಾಳಿ, ನೀರು, ಕಾಡಿನ ಆರೈಕೆ ಊರೆಲ್ಲ ಸೇರಿ ಮಾಡುವ ಚಿಕಿತ್ಸೆ

ಯುನಾನಿ ವೈದ್ಯಪದ್ಧತಿಯಲ್ಲಿ ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂಬ ಮಾತಿದೆ. ಬದುಕಿರುವಷ್ಟು ದಿನ ಮನುಷ್ಯ ಬಿಟ್ಟಿರಲಾಗದ ಆರು ಅಗತ್ಯಗಳು ಎಂದು ಇದರ ಅರ್ಥ. ಗಾಳಿ, ಆಹಾರ ಮತ್ತು ನೀರು, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಉದ್ವೇಗ ಮತ್ತು ನೆಮ್ಮದಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಉಳಿದು, ಹೊರಹೋಗಬೇಕಾದುದು ಹೋಗುವುದು. ಪಟ್ಟಿಯಲ್ಲಿ ಮೊದಲು ಬರುವುದೇ ಗಾಳಿ. ಋತುಗಳು ತಮ್ಮ ಸ್ವಭಾವ ಬಿಟ್ಟು ನಡೆದಾಗ ದೇಹ ಹೇಗೆ ಕೆಡುತ್ತದೆ ಎಂಬುದನ್ನು ಸುಮಾರು ಸಾವಿರ ವರ್ಷಗಳ ಹಿಂದೆಯೇ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಚರ್ಚಿಸಿದ್ದಾರೆ.

ಊಟ, ನಿದ್ದೆ, ದುಡಿಮೆಯನ್ನು ಸರಿಪಡಿಸಿಕೊಳ್ಳಿ ಎಂದು ನಾವು ವೈದ್ಯರು ರೋಗಿಗೆ ಹೇಳಬಹುದು. ಮನಸ್ಸು ಮಾಡಿದರೆ ಅದು ಅವರ ಕೈಯಲ್ಲೇ ಇದೆ. ಆದರೆ ಊರಿನ ಗಾಳಿಯನ್ನು, ಬಾವಿಯ ಒರತೆಯನ್ನು, ಮನೆಯ ಹಿಂದಿನ ಕಾಡನ್ನು ಒಬ್ಬರೇ ಸರಿಪಡಿಸಿಕೊಳ್ಳಲಾಗದು. ಹವಾಮಾನ ಬದಲಾವಣೆಯ ಕುರಿತು ಆರೋಗ್ಯದ ಪುಟದಲ್ಲಿ ಬರೆಯುತ್ತಿರುವುದು ಅದಕ್ಕಾಗಿಯೇ.

ಮಳೆನಾಡಿಗೂ ಬಂದ ಬಿಸಿ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಮೇಗರವಳ್ಳಿಯನ್ನೇ ತೆಗೆದುಕೊಳ್ಳಿ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲೂ ಏಪ್ರಿಲ್, ಮೇ ಬಂತೆಂದರೆ ಬಾವಿಯ ತಳ ಕಾಣುವ ಮನೆಗಳಿವೆ. ಭೂಮಿಯ ಸರಾಸರಿ ತಾಪಮಾನ 19ನೇ ಶತಮಾನದ ಕೊನೆಯ ಭಾಗಕ್ಕಿಂತ ಈಗ 1 ಡಿಗ್ರಿಗೂ ಮಿಕ್ಕಿ ಏರಿದೆ. ಒಂದು ಡಿಗ್ರಿ ಬಿಸಿಯೇರಿದ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಿನಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಮಳೆ ಬಂದರೆ ಒಮ್ಮೆಲೇ ಸುರಿಯುವುದು, ನಡುವೆ ದಿನಗಟ್ಟಲೆ ಬಿಸಿಲು ಕಾಯುವುದು ಹೆಚ್ಚುತ್ತದೆ. ಒಮ್ಮೆಲೇ ಸುರಿದ ನೀರು ನೆಲಕ್ಕೆ ಇಳಿಯದೆ ಹಳ್ಳ ಸೇರುತ್ತದೆ.

ಬಿಸಿ ಮತ್ತು ತೇವ ಸೊಳ್ಳೆಗೆ ಅನುಕೂಲ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರ, ಹತ್ತು ದಿನ ಸಾಕು. ಸೆಖೆ ಹೆಚ್ಚಿದರೆ ಅದು ಇನ್ನೂ ಬೇಗ ಬೆಳೆಯುತ್ತದೆ, ಅದರೊಳಗಿನ ವೈರಾಣುವೂ ಬೇಗ ಬಲಿಯುತ್ತದೆ. ನೆರೆ ಬಂದು ಇಳಿದ ಮೇಲೆ ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿಜ್ವರದ ಭಯವಿದೆ.

ಮಂಗನ ಕಾಯಿಲೆಯಂತೂ ನಮ್ಮದೇ ಜಿಲ್ಲೆಯ ಹೆಸರು ಹೊತ್ತ ರೋಗ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ್ದರಿಂದ ವೈದ್ಯರು ಇಂದಿಗೂ ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎನ್ನುತ್ತಾರೆ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಅದು ಹಲವರ ಜೀವ ತೆಗೆಯಿತು. ಇದಕ್ಕೆ ಮುಖ್ಯ ಕಾರಣ ಕಾಡು ತುಂಡಾಗಿರುವುದು ಮತ್ತು ಮನುಷ್ಯರು, ದನಕರುಗಳು ಕಾಡಿನಂಚಿನಲ್ಲಿ ಓಡಾಡುವುದು. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ರೋಗ ಹರಡುವ ಉಣುಗು ಯಾವಾಗ, ಎಷ್ಟು ಹುಟ್ಟುತ್ತದೆ ಎಂಬುದು ಮಳೆ ಮತ್ತು ತೇವವನ್ನು ಅವಲಂಬಿಸಿದೆ. ಮಳೆಯ ಲೆಕ್ಕ ತಪ್ಪಿದರೆ ಉಣುಗಿನ ಲೆಕ್ಕವೂ ತಪ್ಪುತ್ತದೆ.

ಯುವಕ ಸಂಘವೊಂದು ಮಾಡಿದ ಕೆಲಸ

‘ಹವಾಮಾನ ಕೆಟ್ಟಿರುವುದು ದೊಡ್ಡ ದೇಶಗಳ ಕಲ್ಲಿದ್ದಲು, ಪೆಟ್ರೋಲಿನಿಂದ, ನಮ್ಮ ಹಳ್ಳಿಯಲ್ಲಿ ನಾವೇನು ಮಾಡಲಾದೀತು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಒಂದು ಊರು ಗಿಡ ನೆಟ್ಟ ಮಾತ್ರಕ್ಕೆ ಭೂಮಿಯ ಬಿಸಿ ಇಳಿಯದು. ಆದರೆ ಆ ಬಿಸಿಯಿಂದ ನಮ್ಮ ಮನೆಗೆ ಬರುವ ಕಾಯಿಲೆಯನ್ನು, ನೀರಿನ ಬರವನ್ನು ತಗ್ಗಿಸುವ ಕೆಲಸ ಊರಿನಲ್ಲೇ ಆಗಬೇಕು. ಬೇರೆ ಯಾರೂ ಬಂದು ಮಾಡುವುದಿಲ್ಲ.

ಇದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆಯಿದೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಕಡೆಯ ಯುವಕರು, ಹೆಂಗಸರು ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರು. ಕಾಡು ಕಡಿದರೆ ಹಳ್ಳ ಬತ್ತುತ್ತದೆ, ತೋಟ ಒಣಗುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಮುಂದೆ ನಿಂತದ್ದು ಊರಿನ ಒಂದು ಯುವಕ ಮಂಡಳಿ. ವಾರಗಟ್ಟಲೆ ಕಾವಲಿದ್ದು ಅವರು ಕೊಡಲಿಯನ್ನು ತಡೆದರು. ಅದೇ ಅಪ್ಪಿಕೋ ಚಳವಳಿ. ಅದು ಅಲ್ಲಿಗೇ ನಿಲ್ಲದೆ ನರ್ಸರಿ ಮಾಡಿತು, ಬೋಳಾದ ಜಾಗದಲ್ಲಿ ಗಿಡ ಬೆಳೆಸಿತು. ‘ಉಳಿಸು, ಬೆಳೆಸು, ಬಳಸು’ ಎಂಬುದು ಅದರ ಘೋಷಣೆಯಾಯಿತು.

ನೀವು ಎಲ್ಲಿ ಸೇರಬಹುದು?

ಹೊಸ ಸಂಘ ಕಟ್ಟಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಕಾಡಂಚಿನ ಅನೇಕ ಊರುಗಳಲ್ಲಿ ಅರಣ್ಯ ಇಲಾಖೆಯ ಜೊತೆ ದುಡಿಯುವ ಗ್ರಾಮ ಅರಣ್ಯ ಸಮಿತಿಗಳಿವೆ. ಇದಲ್ಲದೆ ಆಶಾ ಕಾರ್ಯಕರ್ತೆಯರಿರುವ ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ, ಸ್ತ್ರೀಶಕ್ತಿ ಸಂಘ, ಯುವಕ ಮಂಡಲ, ನಮ್ಮ ಮಸೀದಿಯ ಜಮಾಅತ್ ಎಲ್ಲವೂ ಇವೆ.

ನಾನು ಕಂಡಂತೆ ಮಲೆನಾಡಿನ ಹಳ್ಳಿಗಳಲ್ಲಿ ನಮ್ಮ ಮನೆಗಳು ಕಡಿಮೆ, ದಿನದ ದುಡಿಮೆಯ ಒತ್ತಡ ಹೆಚ್ಚು. ಹಾಗಾಗಿ ಗ್ರಾಮಸಭೆಗೆ, ಇಂಥ ಸಮಿತಿಗಳಿಗೆ ನಮ್ಮವರು ಹೋಗುವುದು ಅಪರೂಪ. ಆದರೆ ಉಣುಗು ಯಾರ ಮನೆಯೆಂದು ಕೇಳಿ ಕಚ್ಚುವುದಿಲ್ಲ. ಬಾವಿಯ ಒರತೆಗೆ ಬೇಲಿಯಿಲ್ಲ. ಸಮಿತಿಯಲ್ಲಿ ನಾವಿಲ್ಲದಿದ್ದರೆ ನಮ್ಮ ಕೇರಿಯ ಚರಂಡಿ, ನಮ್ಮ ಕಡೆಯ ಹಳ್ಳ ಅವರ ಪಟ್ಟಿಗೆ ಬರುವುದೂ ಕಷ್ಟ.

ವರ್ಷದ ಕೆಲಸ ಹೀಗಿರಲಿ

ಮಳೆಗೆ ಮುಂಚೆ: ಮಸೀದಿ, ಶಾಲೆ, ಮನೆಗಳ ಮಾಡಿನ ನೀರನ್ನು ಇಂಗಿಸಲು ಸಿದ್ಧತೆ ಮಾಡಿ. ಸಾವಿರ ಚದರ ಅಡಿಯ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 9,000 ಲೀಟರ್ ನೀರು. ಸಮತಟ್ಟು ಜಾಗದಲ್ಲಿ ಬಾವಿಯಿಂದ ಸ್ವಲ್ಪ ದೂರಕ್ಕೆ ಇಂಗುಗುಂಡಿ ತೋಡಿ. ಕಡಿದಾದ ಗುಡ್ಡದ ಮೇಲೆ, ಮನೆಯ ಹಿಂದಿನ ಧರೆಯ ನೆತ್ತಿಯಲ್ಲಿ ಮಾತ್ರ ಗುಂಡಿ ತೋಡಬೇಡಿ, ಧರೆ ಕುಸಿದೀತು.

ಮಳೆ ಹಿಡಿದ ಮೇಲೆ: ಗಿಡ ನೆಡಿ. ಯುನಾನಿಯ ‘ಇತ್ರಿಫಲ್’ ಔಷಧಿಯ ಹಲೇಲಾ, ಬಲೇಲಾ, ಆಮ್ಲಾ ಎಂದರೆ ನಮ್ಮ ಅಳಲೆ, ತಾರೆ, ನೆಲ್ಲಿಕಾಯಿಗಳೇ. ಇವುಗಳ ಜೊತೆ ಹಲಸು, ನೇರಳೆ, ಮುರುಗಲು ಇರಲಿ. ಗಿಡ ನೆಡುವ ದಿನ ಜನ ಸೇರುತ್ತಾರೆ, ಮುಂದಿನ ಬೇಸಿಗೆಯಲ್ಲಿ ನೀರು ಹಾಕಲು ಯಾರೂ ಇರುವುದಿಲ್ಲ. ನೂರು ಗಿಡ ನೆಡುವ ಬದಲು ಇಪ್ಪತ್ತು ನೆಟ್ಟು, ಒಂದೊಂದು ಮನೆಗೆ ಎರಡೆರಡು ಗಿಡವನ್ನು ಮೂರು ವರ್ಷಕ್ಕೆ ವಹಿಸಿಕೊಡಿ.

ಮಳೆಗಾಲವಿಡೀ, ವಾರಕ್ಕೊಮ್ಮೆ: ಶುಕ್ರವಾರ ಜುಮಾ ನಮಾಝಿಗೆ ಮುಂಚೆ ಅರ್ಧ ಗಂಟೆ ಯುವಕರು ಮಸೀದಿಯ ಸುತ್ತ, ಕೇರಿಯಲ್ಲಿ ಒಂದು ಸುತ್ತು ಬರಲಿ. ಅಡಿಕೆ ಹಾಳೆ, ತೆಂಗಿನ ಚಿಪ್ಪು, ಹಳೆಯ ಟಯರು, ರಬ್ಬರ್ ತೋಟದ ಹಾಲಿನ ಬಟ್ಟಲು, ತೆರೆದ ಡ್ರಮ್ಮುಗಳಲ್ಲಿ ನಿಂತ ನೀರು ಚೆಲ್ಲಿ. ವಾರಕ್ಕೊಮ್ಮೆ ತಪ್ಪದೆ ಚೆಲ್ಲಿದರೆ ಡೆಂಗಿ ಸೊಳ್ಳೆ ರೆಕ್ಕೆ ಬಲಿಯುವ ಮೊದಲೇ ಸಾಯುತ್ತದೆ.

ಚಳಿಗಾಲದಿಂದ ಮೇವರೆಗೆ: ಇದು ಮಂಗನ ಕಾಯಿಲೆಯ ಕಾಲ. ಸತ್ತ ಮಂಗ ಕಂಡರೆ ಮುಟ್ಟದೆ ತಕ್ಷಣ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ದರಗು, ಸೊಪ್ಪು, ಸೌದೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಲಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಲಿ. ಅರಣ್ಯ ಸಮಿತಿಯ ಜೊತೆ ಬೆಂಕಿ ರೇಖೆ ಬಿಡಿಸುವ ಕೆಲಸಕ್ಕೆ ಹೋಗುವವರಿಗೂ ಇದೇ ನಿಯಮ. ಕಸ, ಪ್ಲಾಸ್ಟಿಕ್‌ಗೆ ಮನೆಯಂಗಳದಲ್ಲಿ ಬೆಂಕಿ ಹಚ್ಚಬೇಡಿ. ದಮ್ಮು ಇರುವವರಿಗೆ ಆ ಹೊಗೆ ವಿಷ.

ವರ್ಷವಿಡೀ: ವುಝೂವಿನ ನೀರಿನಲ್ಲಿ ಸಾಬೂನು ಇರುವುದಿಲ್ಲ. ಅದನ್ನು ಪೈಪಿನಲ್ಲಿ ಗಿಡಗಳಿಗೆ ಹರಿಸಿ, ಎಲ್ಲೂ ನಿಲ್ಲಲು ಬಿಡಬೇಡಿ. ಪ್ರವಾದಿಯವರು(ಸ) ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ನಲ್ಲಿಯನ್ನು ಪೂರ್ತಿ ತಿರುಗಿಸುವ ನಮಗೆ ಇದು ನೆನಪಿರಲಿ.

ಜ್ವರ ಬಂದರೆ

ಈ ಕೆಲಸಗಳ ನಡುವೆಯೂ ಯಾರಿಗಾದರೂ ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲಿ ಕಷಾಯ, ಜೋಶಾಂದ ಕುಡಿದು ದಿನ ಕಳೆಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಕಾಡಿಗೆ ಹೋಗಿದ್ದರೆ ಅದನ್ನೂ ಹೇಳಿ. ಆಸ್ಪಿರಿನ್, ಬ್ರುಫೆನ್‌ನಂಥ ಮಾತ್ರೆಗಳನ್ನು ನೀವಾಗಿ ನುಂಗಬೇಡಿ. ಡೆಂಗಿಯಲ್ಲೂ ಮಂಗನ ಕಾಯಿಲೆಯಲ್ಲೂ ರಕ್ತಸ್ರಾವದ ಅಪಾಯವಿದೆ. ಯುನಾನಿ ವೈದ್ಯನಾಗಿ ನಾನೂ ಇಂಥ ರೋಗಿಗಳನ್ನು ಮೊದಲು ಅಲ್ಲಿಗೇ ಕಳುಹಿಸುತ್ತೇನೆ.

ಮುಂದಿನ ಗ್ರಾಮಸಭೆ ಯಾವಾಗ ಎಂದು ಪಂಚಾಯತಿಯಲ್ಲಿ ವಿಚಾರಿಸಿ. ಮನೆಯಿಂದ ಒಬ್ಬರಾದರೂ, ಸಾಧ್ಯವಾದರೆ ಹೆಂಗಸರೂ ಹೋಗಿ. ‘ನಮ್ಮ ಜೀವವೈವಿಧ್ಯ ಸಮಿತಿಯಲ್ಲಿ ಯಾರಿದ್ದಾರೆ, ಈ ವರ್ಷ ಏನು ಕೆಲಸ ಇಟ್ಟುಕೊಂಡಿದ್ದೀರಿ, ನಾವು ಯಾವ ದಿನ ಬರಬೇಕು?’ ಎಂದು ಕೇಳಿ. ಹೇಳಿದ ದಿನ ಹೋಗಿ ಕೆಲಸಕ್ಕೆ ಕೈಜೋಡಿಸಿ.