ಓಡಿಸುವವರೂ ಅವರೇ, ಹತ್ತುವವರೂ ಅವರೇ

ಕ್ಯಾಲಿಫೋರ್ನಿಯಾದ ಡೇವಿಸ್ ಪುಟ್ಟ ಊರು. ಸ್ಯಾಕ್ರಮೆಂಟೊದಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರ. ಸುತ್ತ ಹೊಲ, ಅಂಗೈಯಷ್ಟು ಸಪಾಟಾದ ನೆಲ. ಇಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿ ಎರಡು ಬಸ್ ನಿಲ್ದಾಣಗಳಿವೆ. ಒಂದು ಮೆಮೋರಿಯಲ್ ಯೂನಿಯನ್ ಕಟ್ಟಡದ ಬಳಿ. ಇನ್ನೊಂದು ಒಂದು ಕಾಲದಲ್ಲಿ ಹಸುಗಳ ಕೊಟ್ಟಿಗೆಯಾಗಿದ್ದು ಈಗ ಊಟ-ಕಾಫಿಯ ತಾಣವಾಗಿರುವ ಸೈಲೊ ಬಳಿ.

ನೋಡಬೇಕಾದ ಹೊತ್ತು ಎಂದರೆ ಒಂದು ಪಾಠ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವು. ಅಲ್ಲಿಯವರೆಗೆ ಖಾಲಿ ಹೊಡೆಯುತ್ತಿದ್ದ ಯೂನಿಯನ್ ನಿಲ್ದಾಣಕ್ಕೆ ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಹಣೆಯ ಮೇಲೆ ದೊಡ್ಡದಾಗಿ ಒಂದೊಂದು ಇಂಗ್ಲಿಷ್ ಅಕ್ಷರ: ಜಿ, ಕೆ, ಪಿ, ಕ್ಯೂ. ಪಿ ಮತ್ತು ಕ್ಯೂ ಊರನ್ನು ಸುತ್ತು ಹಾಕುವ ಬಸ್ಸುಗಳು, ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ. ವಿ ಮತ್ತು ಡಬ್ಲ್ಯು ಬೇಕಿದ್ದರೆ ಸೈಲೊಗೆ ನಡೆಯಬೇಕು. ಹುಡುಗರು ಸಾಲಾಗಿ ಹತ್ತುತ್ತಾರೆ, ಗುರುತಿನ ಚೀಟಿ ತೋರಿಸುತ್ತಾರೆ, ಒಳಗೆ ಸರಿಯುತ್ತಾರೆ. ಟಿಕೆಟ್ ಇಲ್ಲ, ಚಿಲ್ಲರೆಯ ಜಗಳವಿಲ್ಲ. ಹಾಗಾಗಿ ಇಡೀ ಸಾಲು ಹತ್ತಲು ಹೆಚ್ಚು ಹೊತ್ತು ಬೇಕಿಲ್ಲ.

ಆದರೆ ಇಲ್ಲಿ ಕಣ್ಣಿಡಬೇಕಾದದ್ದು ಸ್ಟೀರಿಂಗ್ ಹಿಂದೆ ಕುಳಿತವರ ಮೇಲೆ. ಡ್ಯೂಟಿ ಬದಲಾಗುವಾಗ ಇಳಿದ ಡ್ರೈವರ್ ಸೀಟಿನ ಹಿಂದಿನಿಂದ ಪುಸ್ತಕದ ಬ್ಯಾಗ್ ಎಳೆದುಕೊಂಡು ಹೆಗಲಿಗೇರಿಸಿ, ತಾನು ಕರೆತಂದ ಗುಂಪಿನ ಜೊತೆಗೇ ತರಗತಿಯತ್ತ ಹೆಜ್ಜೆ ಹಾಕಿದಳು. ಅವಳ ಜಾಗಕ್ಕೆ ಬಂದವನ ವಯಸ್ಸೂ ಇಪ್ಪತ್ತರ ಆಸುಪಾಸು. ಅವನು ಸೀಟು ಹಿಂದಕ್ಕೆ ಸರಿಸಿದ, ಕನ್ನಡಿಗಳನ್ನು ಒಂದೊಂದಾಗಿ ತನ್ನ ಎತ್ತರಕ್ಕೆ ತಿರುಗಿಸಿಕೊಂಡ, ಬಾಗಿಲು ಮುಚ್ಚಿದ.

ಈ ಬಸ್ಸುಗಳನ್ನು ನಡೆಸುವ ಸಂಸ್ಥೆಯ ಹೆಸರು ಯೂನಿಟ್ರಾನ್ಸ್. 1968ರಲ್ಲಿ ಇಲ್ಲಿನ ವಿದ್ಯಾರ್ಥಿ ಸಂಘ ಲಂಡನ್ನಿನ ಎರಡು ಹಳೆಯ ಡಬಲ್ ಡೆಕರ್‌ಗಳನ್ನು ಕೊಂಡು ತಂದು ಎರಡು ಮಾರ್ಗಗಳಲ್ಲಿ ಓಡಿಸಿತು. 1972ರಲ್ಲಿ ನಗರಸಭೆ ಹಣ ಸೇರಿಸಿತು, ಬಸ್ಸು ಊರಿನವರಿಗೂ ತೆರೆಯಿತು. ಇಂದು ಊರಿಡೀ ಓಡಾಡುವ ಈ ಸೇವೆಯಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಸಂಬಳಕ್ಕೆ ದುಡಿಯುತ್ತಾರೆ. ಆಡಳಿತ ಮತ್ತು ರಿಪೇರಿಯಲ್ಲಿ ಕಾಯಂ ನೌಕರರಿದ್ದಾರೆ. ಬಸ್ಸು ಓಡಿಸುವುದು, ಹೊಸಬರಿಗೆ ಕಲಿಸುವುದು, ಮೇಲ್ವಿಚಾರಣೆ ಎಲ್ಲ ಬಹುಪಾಲು ಹುಡುಗ ಹುಡುಗಿಯರದೇ. ಭಾರಿ ವಾಹನದ ಲೈಸೆನ್ಸ್ ಮಾತ್ರ ಬೇರೆಲ್ಲ ಬಸ್ ಡ್ರೈವರುಗಳಂತೆ ಇವರೂ ಪಡೆಯಲೇಬೇಕು. ಅದರಲ್ಲಿ ರಿಯಾಯಿತಿ ಇಲ್ಲ.

ಲಂಡನ್ನಿನ ಹಳೆಯ ಕೆಂಪು ಬಸ್ಸು ಎದುರಾದರೆ ಹತ್ತದೆ ಬಿಡಬಾರದು. ಎಇಸಿ ಕಂಪನಿಯ ಆರ್‌ಟಿ ಮಾದರಿ ಅದು. ಇಂಜಿನ್ನಿನ ಪಕ್ಕದ ಒಂಟಿ ಗೂಡಿನಲ್ಲಿ ಡ್ರೈವರ್ ಕೂರಬೇಕು. ಸೀಟು ನಮ್ಮ ಬಸ್ಸುಗಳಂತೆ ಬಲಗಡೆ. ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವ ಅಮೆರಿಕದಲ್ಲಿ ಇದರರ್ಥ, ಡ್ರೈವರ್ ಇರುವುದು ಫುಟ್‌ಪಾತಿನ ಮಗ್ಗುಲಲ್ಲಿ. ಎದುರಿನಿಂದ ಬರುವ ವಾಹನಗಳು ಅವನಿಂದ ದೂರದ ಮಗ್ಗುಲಲ್ಲಿ. ಗೂಡಿನಿಂದ ಪ್ರಯಾಣಿಕರ ಮೇಲೆ ಕಣ್ಣಿಡಲಾಗದು. ಅದಕ್ಕೇ ಈ ಬಸ್ಸಿಗೆ ಕಂಡಕ್ಟರ್ ಬೇಕೇ ಬೇಕು, ಅವರೂ ವಿದ್ಯಾರ್ಥಿಯೇ. ಇವುಗಳಲ್ಲಿ ಒಂದನ್ನು ಸಿಎನ್‌ಜಿಗೂ ಒಗ್ಗಿಸಿದ್ದಾರೆ.

ವಿದ್ಯಾರ್ಥಿಗಳಿಗೆ ಟಿಕೆಟ್ ಇಲ್ಲ ಎಂದ ಮೇಲೆ ದುಡ್ಡು ಎಲ್ಲಿಂದ? ಪದವಿ ವಿದ್ಯಾರ್ಥಿಗಳು ಪ್ರತಿ ಅವಧಿಗೆ ಕಟ್ಟುವ ಶುಲ್ಕದಲ್ಲೇ ಬಸ್ಸಿನ ಪಾಲು ಸೇರಿರುತ್ತದೆ. ಜೊತೆಗೆ ನಗರಸಭೆ ಮತ್ತು ಸರ್ಕಾರದ ಅನುದಾನ. ಬಸ್ಸು ಹತ್ತದೆ ಸೈಕಲ್ಲಿನಲ್ಲೇ ತಿರುಗುವವನೂ ಈ ಪಾಲು ಕೊಡುತ್ತಾನೆ, ಮತ್ತು ಡೇವಿಸ್ ಸೈಕಲ್ಲಿಗೇ ಹೆಸರಾದ ಊರು. ಆದರೆ ಚಳಿಗಾಲದ ಮಳೆ ಹಿಡಿದರೆ ಅದೇ ಸೈಕಲ್ಲಿನವನು ತೊಯ್ದ ಜಾಕೆಟ್ ಒದರುತ್ತಾ ಬಸ್ಸಿನೊಳಗೆ ನಿಂತಿರುತ್ತಾನೆ. ಶುಲ್ಕ ಏರಿಸಬೇಕೆಂದರೆ ಪ್ರಸ್ತಾವ ವಿದ್ಯಾರ್ಥಿಗಳ ಮತಕ್ಕೆ ಹೋಗುತ್ತದೆ. ಪುಕ್ಕಟೆ ಎಂದು ಕಾಣುವ ಈ ಸೇವೆಗೆ ದುಡ್ಡು ಹಾಕುವವರು, ಬೆವರು ಹರಿಸುವವರು, ಬೇಕು-ಬೇಡ ಹೇಳುವವರು ಬಹುಮಟ್ಟಿಗೆ ಒಬ್ಬರೇ. ಇದು ಅರ್ಧ ಶತಮಾನಕ್ಕೂ ಮೀರಿ ಬಾಳಿದ್ದಕ್ಕೆ ಅದೇ ಕಾರಣವಿರಬೇಕು: ಬಸ್ಸು ತಡವಾದರೆ ಬೈಸಿಕೊಳ್ಳುವವನು ನಾಳೆ ಅದೇ ಬೆಂಚಿನಲ್ಲಿ ಪಕ್ಕದಲ್ಲಿ ಕೂರುವ ಗೆಳೆಯ.

ಇದರ ಕಷ್ಟವೂ ಇಲ್ಲೇ ಹುಟ್ಟುತ್ತದೆ. ಡ್ಯೂಟಿ ಪಟ್ಟಿ ಹಾಕುವವರು ಮೊದಲು ಪ್ರತಿಯೊಬ್ಬರ ತರಗತಿಯ ವೇಳಾಪಟ್ಟಿ ನೋಡಬೇಕು. ಬಸ್ಸಿಗೆ ಜನ ಜಾಸ್ತಿಯಾಗುವ ಬೆಳಗಿನ ಹೊತ್ತೇ ಡ್ರೈವರುಗಳಿಗೂ ಪಾಠದ ಹೊತ್ತು. ಪರೀಕ್ಷೆ ಬಂದರೆ ಎಲ್ಲರಿಗೂ ಒಟ್ಟಿಗೇ ಬರುತ್ತದೆ. ಚೆನ್ನಾಗಿ ಕೈ ಪಳಗಿತು ಎನ್ನುವಷ್ಟರಲ್ಲಿ ಪದವಿ ಮುಗಿಯುತ್ತದೆ. ಮತ್ತೆ ಹೊಸಬರು, ಮತ್ತೆ ಮೊದಲಿನಿಂದ ತರಬೇತಿ.

ಹೋಗುವವರಿಗೆ ಎರಡು ಮಾತು. ಸ್ಯಾಕ್ರಮೆಂಟೊದಿಂದ ಡೇವಿಸ್‌ಗೆ ರೈಲಿದೆ. ನಿಲ್ದಾಣದಿಂದ ಆವರಣಕ್ಕೆ ನಡೆದೇ ಹೋಗಬಹುದು. ರಜೆ ದಿನಗಳಲ್ಲಿ ಬಸ್ಸು ಕಡಿಮೆ, ಆದ್ದರಿಂದ ತರಗತಿ ನಡೆಯುವ ವಾರದ ದಿನ ಆರಿಸಿಕೊಳ್ಳಿ. ಬಸ್ಸು ಉಚಿತ ಎಂದು ಕೈಬೀಸಿಕೊಂಡು ಹತ್ತಬೇಡಿ. ಆ ಮಾತು ಗುರುತಿನ ಚೀಟಿ ಇದ್ದವರಿಗೆ. ಅವರು ತಮ್ಮ ಪಾಲು ಆಗಲೇ ಕಟ್ಟಿದ್ದಾರೆ, ನಾವು ಬಾಗಿಲಲ್ಲಿ ಕಟ್ಟಬೇಕು.