ವಾರ್ಡಿನಾಚೆ ತೀರ್ಮಾನವಾಗುವ ಸಾವು

ವಿಷ ಸೇವಿಸಿದವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆತಂದಾಗ ವೈದ್ಯರು ಮೊದಲು ಕೇಳುವುದು ಎರಡು ಮಾತು: ಎಷ್ಟು ಹೊತ್ತಾಯಿತು, ಯಾವ ಔಷಧಿ? ಸಮಯದ ಮಹತ್ವ ಎಲ್ಲರಿಗೂ ಗೊತ್ತು. ಎರಡನೆಯ ಪ್ರಶ್ನೆಗೂ ಅಷ್ಟೇ ತೂಕವಿದೆ ಎಂಬುದು ಆಡಳಿತಕ್ಕೆ ಇನ್ನೂ ಮನವರಿಕೆಯಾಗಿಲ್ಲ. ಶ್ರೀಲಂಕಾದ ಆಸ್ಪತ್ರೆಗಳಲ್ಲಿ ನಡೆದ, 2005ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಅಪಾಯದ ಪಟ್ಟಿಯಲ್ಲಿ ಒಂದೇ ವರ್ಗಕ್ಕೆ ಸೇರಿದ ಎರಡು ಆರ್ಗನೋಫಾಸ್ಫರಸ್ ಕೀಟನಾಶಕಗಳಲ್ಲಿ ಒಂದನ್ನು ಸೇವಿಸಿದವರ ಪೈಕಿ ಶೇ 8ರಷ್ಟು ಮಂದಿ ಸತ್ತರೆ, ಇನ್ನೊಂದನ್ನು ಸೇವಿಸಿದವರಲ್ಲಿ ಶೇ 23ರಷ್ಟು ಮಂದಿ ಸತ್ತಿದ್ದರು. ಅದೇ ವಾರ್ಡು, ಪ್ರತಿವಿಷವಾಗಿ ಅದೇ ಅಟ್ರೊಪಿನ್. ಸಾವು ಮಾತ್ರ ಸುಮಾರು ಮೂರು ಪಟ್ಟು. ಇಲಿಗಳ ಮೇಲಿನ ಪರೀಕ್ಷೆಯನ್ನು ಆಧರಿಸಿದ ವರ್ಗೀಕರಣ ಮನುಷ್ಯರ ಪಾಲಿಗೆ ಸಾಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಚಿಕಿತ್ಸೆಯನ್ನು ಸುಧಾರಿಸಿದರೆ ಸಾಲದೇ? ಖಂಡಿತ ಸುಧಾರಿಸಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ ಎಂಬ ತಿಳಿವಳಿಕೆ ಹಳ್ಳಿಗಳಿಗೆ ಮುಟ್ಟಬೇಕು. ಆಸ್ಪತ್ರೆಯಲ್ಲೂ ಹೊಟ್ಟೆ ತೊಳೆಯುವ ಅವಸರಕ್ಕಿಂತ ಮೊದಲು ಉಸಿರಾಟ ಕಾಯಬೇಕು. ಎದೆಯಲ್ಲಿನ ಗೊರಗೊರ ಸದ್ದು ನಿಲ್ಲುವವರೆಗೆ ಅಟ್ರೊಪಿನ್ ಪ್ರಮಾಣ ಏರಿಸುತ್ತ ಹೋಗಬೇಕು. ಆದರೆ ಪ್ಯಾರಾಕ್ವಾಟ್‌ನಂಥ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಅಲ್ಲಿ ವೆಂಟಿಲೇಟರ್‌ಗೂ ಮಿತಿಯಿದೆ.

ಹಾಗಾಗಿ ಹೆಚ್ಚು ಕೊಲ್ಲುವ ವಿಷಗಳನ್ನು ನಿಷೇಧಿಸುವುದೇ ದಾರಿ. ಒಂದನ್ನು ನಿಷೇಧಿಸಿದರೆ ಜನ ಇನ್ನೊಂದು ದಾರಿ ಹುಡುಕುತ್ತಾರೆ ಎಂಬ ವಾದವಿದೆ. ಶ್ರೀಲಂಕಾ 1995ರಲ್ಲಿ ಅತಿ ಅಪಾಯಕಾರಿ ಕೀಟನಾಶಕಗಳನ್ನೂ 1998ರಲ್ಲಿ ಎಂಡೋಸಲ್ಫಾನ್ ಅನ್ನೂ ನಿಷೇಧಿಸಿತು. ವಿಷ ಸೇವಿಸಿ ಆಸ್ಪತ್ರೆ ಸೇರುವವರ ಸಂಖ್ಯೆ ಇಳಿಯಲಿಲ್ಲ. ಆದರೂ 1996–2005ರ ದಶಕದಲ್ಲಿ ಹಿಂದಿನ ದಶಕಕ್ಕಿಂತ ಸುಮಾರು 20 ಸಾವಿರ ಆತ್ಮಹತ್ಯೆಗಳು ಕಡಿಮೆಯಾದವು. ದುಡುಕಿನ ಗಳಿಗೆ ಬಂದೇ ಬರುತ್ತದೆ, ಅದು ದಾಟುವವರೆಗೆ ಜೀವ ಉಳಿದರೆ ಬದುಕಿಗೆ ಎರಡನೇ ಅವಕಾಶ ಸಿಗುತ್ತದೆ. ಬೆಳೆ ಹಾಳಾಗುತ್ತದೆಂಬ ಆತಂಕವೂ ನಿಜವಾಗಲಿಲ್ಲ: ನಿಷೇಧದಿಂದ ಅಲ್ಲಿನ ಇಳುವರಿ ಕುಸಿದದ್ದು ಕಂಡುಬರಲಿಲ್ಲ. ದಕ್ಷಿಣ ಕೊರಿಯಾ 2012ರಲ್ಲಿ ಪ್ಯಾರಾಕ್ವಾಟ್ ಮಾರಾಟ ನಿಲ್ಲಿಸಿದ ಮೇಲೆ ಕೀಟನಾಶಕದ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು.

ಭಾರತವೂ 2018ರಲ್ಲಿ 18 ಕೀಟನಾಶಕಗಳ ನಿಷೇಧಕ್ಕೆ ಆದೇಶಿಸಿತು. ಇದು ಸಾಲದು. 1968ರ ಕೀಟನಾಶಕ ಕಾಯ್ದೆಯಡಿ ರಾಜ್ಯಗಳಿಗೆ ತಾತ್ಕಾಲಿಕ ತಡೆ ಹೇರುವ ಅಧಿಕಾರವಷ್ಟೇ ಇರುವುದರಿಂದ ಕೊನೆಯ ಮಾತು ಕೇಂದ್ರದ್ದು. ಆ ಮಾತಿಗೆ ಆಧಾರ ಒದಗಿಸಬೇಕಾದದ್ದು ಆಸ್ಪತ್ರೆಗಳು. ಸಂಬಂಧಿಕರು ಚೀಲದಲ್ಲಿ ಹಿಡಿದು ತಂದ ಬಾಟಲಿಯ ಲೇಬಲ್ ಓದದೆ, ಕೇಸ್ ಶೀಟಿನಲ್ಲಿ ‘ಓ.ಪಿ. (ಆರ್ಗನೋಫಾಸ್ಫರಸ್) ಪಾಯ್ಸನಿಂಗ್’ ಎಂದಷ್ಟೇ ಬರೆದರೆ ಕೊಂದದ್ದು ಯಾವುದೆಂಬ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ರಾಸಾಯನಿಕದ ಹೆಸರು ಮತ್ತು ರೋಗಿಗೆ ಏನಾಯಿತೆಂಬ ವಿವರ ಪ್ರತಿ ತಾಲ್ಲೂಕಿನಿಂದ ಕೃಷಿ ಇಲಾಖೆಗೆ ಹೋಗುವುದನ್ನು ಸರ್ಕಾರ ಕಡ್ಡಾಯ ಮಾಡಲಿ.

(ಮನಸ್ಸು ಕುಸಿದಾಗ ಮಾತನಾಡಲು ಟೆಲಿ ಮಾನಸ್ ಉಚಿತ ಸಹಾಯವಾಣಿ: 14416)