ಬೆಂಗಳೂರಿನಿಂದ ದೆಹಲಿ ಎಷ್ಟು ದೂರ? ವಿಮಾನಕ್ಕೆ ಎಷ್ಟು ಹೊತ್ತು ಬೇಕು?

ಬೆಂಗಳೂರು ಮತ್ತು ದೆಹಲಿ ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 1,700 ಕಿ.ಮೀ. ಭೂಪಟ ನೋಡಿಯೇ ಇದನ್ನು ಲೆಕ್ಕ ಹಾಕಬಹುದು. ಎರಡೂ ನಗರಗಳು ಹೆಚ್ಚುಕಡಿಮೆ 77 ಡಿಗ್ರಿ ಪೂರ್ವ ರೇಖಾಂಶದ ಮೇಲಿವೆ. ಅಕ್ಷಾಂಶದಲ್ಲಿರುವ ವ್ಯತ್ಯಾಸ ಸುಮಾರು 15.4 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ.ಯಂತೆ ಗುಣಿಸಿದರೆ 1,709 ಕಿ.ಮೀ. ಬರುತ್ತದೆ. ಊರಿಂದೂರಿಗೆ ಬಳಸಿಕೊಂಡು ಹೋಗುವ ರಸ್ತೆ 2,000 ಕಿ.ಮೀ. ದಾಟುತ್ತದೆ.

ಜೆಟ್ ವಿಮಾನದ ಸಾಮಾನ್ಯ ವೇಗ ಗಂಟೆಗೆ 800ರಿಂದ 850 ಕಿ.ಮೀ. ಈ ಲೆಕ್ಕದಲ್ಲಿ ಎರಡು ಗಂಟೆ ಸಾಕು. ಆದರೆ ವೇಳಾಪಟ್ಟಿಯಲ್ಲಿ ಸುಮಾರು ಎರಡೂಮುಕ್ಕಾಲು ಗಂಟೆ ಇರುತ್ತದೆ. ನಿಲುಗಡೆಯಿಂದ ರನ್‌ವೇಗೆ ಸಾಗುವುದು, ಮೇಲೇರುವುದು, ಇಳಿಯುವ ಸರದಿಗೆ ಕಾಯುವುದು, ಇಳಿದ ಮೇಲೆ ಟರ್ಮಿನಲ್ ತಲುಪುವುದು ಎಲ್ಲವೂ ಅದರಲ್ಲಿ ಸೇರಿವೆ. ಚಳಿಗಾಲದಲ್ಲಿ ದೆಹಲಿಯ ದಟ್ಟ ಮಂಜಿನಿಂದ ಇನ್ನಷ್ಟು ತಡವಾಗುವುದುಂಟು.

ಹೋಗುವಾಗ ಮತ್ತು ಬರುವಾಗ ತಗಲುವ ಸಮಯದಲ್ಲಿ ಹೆಚ್ಚು ಅಂತರವಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಉತ್ತರ–ದಕ್ಷಿಣ ಹಾದಿಗೆ ಬಹುಮಟ್ಟಿಗೆ ಅಡ್ಡಲಾಗಿರುತ್ತದೆ. ಚಳಿಗಾಲದಲ್ಲಿ ದೆಹಲಿಯಿಂದ ಪೂರ್ವಕ್ಕೆ ಗುವಾಹಟಿಗೆ ಹೋಗುವ ವಿಮಾನಕ್ಕೆ ಅದೇ ಗಾಳಿ ನೆರವಾಗುತ್ತದೆ, ಮರಳುವ ವಿಮಾನಕ್ಕೆ ಎದುರಾಗಿ ಪ್ರಯಾಣದ ಸಮಯವನ್ನು ಹೆಚ್ಚಿಸುತ್ತದೆ.